ಹ್ಯಾಶ್‌ಟ್ಯಾಗ್ ಹಾಕಿ ರಕ್ತ ಕೂಡಿಸೋದು: ಕಲಬುರಗಿದಾಗ ನಾವು ಮಾಡಿದ್ದು, ಕಲ್ತಿದ್ದು

ಬ್ಯಾಸಗಿ ಬಂತಂದ್ರ ನಮ್ಮ ಕಡೆ ಬ್ಲಡ್ ಬ್ಯಾಂಕಿನ ಫ್ರಿಜ್ ಖಾಲಿ ಆಗ್ಲಿಕ್ಕ ಶುರು ಆಗ್ತಾವ್ರಿ. ಏಪ್ರಿಲ್, ಮೇದಾಗ ಕಾಲೇಜ್ ಬಂದ್, ಕ್ಯಾಂಪ್ ಆಗೋದೇ ಹೆಚ್ಚಾಗಿ ಕಾಲೇಜ್‌ನ್ಯಾಗ, ಅದ್ರಾಗ ಕಲಬುರಗಿ ಬಿಸಿಲು 42-43 ಡಿಗ್ರಿ ಮುಟ್ತದ, ಇಂಥಾ ಬಿಸಿಲಾಗ ರಕ್ತ ಕೊಟ್ರ ಚಕ್ಕರ್ ಬಂದು ಬೀಳ್ತೀವಂತ ಮಂದಿಗಿ ಹೆದ್ರಿಕಿ. ಆದ್ರ ಬ್ಯಾಸಗಿ ಅಂತ ಹೆರಿಗಿ ನಿಲ್ಲಂಗಿಲ್ಲ, ಆಕ್ಸಿಡೆಂಟ್ ನಿಲ್ಲಂಗಿಲ್ಲ, ಥಲಸ್ಸೀಮಿಯಾ (ಹುಟ್ಟಿನಿಂದ್ಲೇ ಬರೋ ರಕ್ತದ ರೋಗ) ಇರೋ ಮಕ್ಕಳಿಗಂತೂ ಎರಡು ವಾರಕ್ಕೋ ನಾಕು ವಾರಕ್ಕೋ ಒಮ್ಮಿ ರಕ್ತ ಹಚ್ಚಲೇಬೇಕು, ಜೀವನ ಪೂರ್ತಿ.

ನಮ್ದು ಸಣ್ಣ ಸಂಸ್ಥಿ. ರಕ್ತ ಬೇಕಾದೋರನ್ನ ಕೊಡೋರ ಜೊತಿ ಜೋಡಿಸೋದೇ ಕೆಲ್ಸ. ಪಗಾರ ತೊಗೊಳೋರು ಯಾರೂ ಇಲ್ಲ, ಕಾಲೇಜ್ ಹುಡುಗ್ರು-ಹುಡುಗೇರು, ಇಬ್ರು ಮೂವರು ಮೇಷ್ಟ್ರು, ಒಬ್ರು ಮೆಡಿಕಲ್ ಅಂಗಡಿ ಇಟ್ಟೋರು, ಮತ್ತ ನಾನು. ಇನ್‌ಸ್ಟಾಗ್ರಾಮು, ಫೇಸ್‌ಬುಕ್ಕು, ಎಕ್ಸ್, ವಾಟ್ಸ್ಯಾಪ್ ಎಲ್ಲಾ ನೋಡ್ಕೊಳೋದು ನನ್ನ ಪಾಲಿಗಿ ಬಂತು. ಬ್ಯಾರೆ ಊರಾಗ ಇಂಥದ್ದೇ ಕೆಲ್ಸ ಮಾಡೋ ಗೆಳ್ಯಾರು ಈಗೀಗ "ನೀವು ಹ್ಯಾಂಗ ಮಾಡ್ತೀರಿ, ಯಾವ ಟ್ಯಾಗ್ ಹಾಕ್ತೀರಿ" ಅಂತ ಕೇಳ್ಲಿಕತ್ತಾರ, ಅದಕ್ಕ ಒಮ್ಮಿಗೇ ಎಲ್ಲಾ ಬರದು ಇಡ್ತೀನಿ.

ನಮಗ ಸೋಶಿಯಲ್ ಮೀಡಿಯಾ ಯಾಕ್ ಬೇಕಾಯ್ತು ಅಂದ್ರ, ಕಲಬುರಗಿ ದವಾಖಾನಿಗಿ ಬರೋ ಪೇಷಂಟ್‌ಗಳು ಭಾಳಷ್ಟು ಹೊರಗಿನವ್ರು. ಚಿಂಚೋಳಿ, ಅಫಜಲಪುರ, ಆಳಂದ, ಜೇವರ್ಗಿ, ಯಾದಗಿರಿ ಕಡಿಂದ ಬರ್ತಾರ. ಜೊತಿಗಿ ಒಬ್ಬ ಅಣ್ಣನೋ ಮಾವನೋ ಇರ್ತಾನ, ಅವನಿಗಿ ಈ ಊರಾಗ ಒಬ್ಬರ ಪರಿಚಯ ಇರಂಗಿಲ್ಲ. ಡಾಕ್ಟರ್ ಚೀಟಿ ಬರದು ಕೊಟ್ಟು ಎರಡು ಬಾಟ್ಲಿ ತರಿಸ್ರಿ ಅಂತಾರ. ಅವ ಎಲ್ಲಿಗಿ ಹೋಗ್ಬೇಕು, ಯಾರಿಗಿ ಕೇಳ್ಬೇಕು? ಅವನ ಕೈಯಾಗ ಇರೋದು ಒಂದು ಮೊಬೈಲು. ಆ ಮೊಬೈಲ್‌ನ್ಯಾಗ ಅವ ಹುಡುಕಿದ್ರ ನಾವು ಸಿಗ್ಬೇಕು, ನಾವು ಹಾಕಿದ್ದು ಅದೇ ಊರಾಗ ಇರೋ ಕೊಡೋ ಮನುಷ್ಯಾಗ ಮುಟ್ಬೇಕು. ನಮ್ಮ ಪೂರ್ತಿ ಹ್ಯಾಶ್‌ಟ್ಯಾಗ್ ಲೆಕ್ಕ ನಿಂತಿರೋದು ಇದ್ರ ಮ್ಯಾಲ.

ಶುರುವಿಗಿ ಎಲ್ಲಾರೂ ಏನು ಹಾಕ್ತಾರ ಅಂತ ಕುಂತು ನೋಡಿದೆ. ಇಂಗ್ಲಿಷಿನ ದೊಡ್ಡ ದೊಡ್ಡ ಟ್ಯಾಗ್ ಅವಲ್ರಿ, ರಕ್ತದಾನ ಮಾಡ್ರಿ ಜೀವ ಉಳಸ್ರಿ ಅನ್ನೋ ಅರ್ಥದ್ದು, ಅವು ಲಕ್ಷಗಟ್ಟಲೆ ಪೋಸ್ಟ್‌ನ್ಯಾಗ ಇರ್ತಾವ. ಜಗತ್ತಿನ ಎಲ್ಲಾ ದೇಶದ್ದೂ ಅದ್ರೊಳಗ ಬಂದು ಬೀಳ್ತಾವ. ಅಲ್ಲಿ ನಮ್ಮ ಪೋಸ್ಟ್ ಹಾಕಿದ್ರ ಯಾರೋ ಎಲ್ಲೋ ನೋಡಿ ಹಾರ್ಟ್ ಒತ್ತತಾರ, ಸರಿ, ಆದ್ರ ಹಾರ್ಟ್ ಒತ್ತಿದ ಮನುಷ್ಯ ಕೆನಡಾದಾಗ ಇದ್ರ ನಮ್ಮ ಸೂಪರ್ ಮಾರ್ಕೆಟ್ ಹತ್ರ ಬಂದು ಕೈ ಚಾಚಲಿಕ್ಕ ಆಗ್ತದೇನು. ಹ್ಯಾಶ್‌ಟ್ಯಾಗ್ ಅನ್ನೋದು ಬಸ್ಸಿನ ಬೋರ್ಡ್ ಇದ್ದಂಗ, ಬೋರ್ಡಿನ ಮ್ಯಾಲ "ಕರ್ನಾಟಕ" ಅಂತ ಬರದ್ರ ಯಾರೂ ಹತ್ತಂಗಿಲ್ಲ, "ಆಳಂದ" ಅಂತ ಬರೀಬೇಕು.

ಹಂಗಂತ ಊರ ಹೆಸರು ಹಾಕಿದ್ರ ಮುಗೀತು ಅನ್ನಂಗೂ ಇಲ್ಲ, ಯಾಕಂದ್ರ ನಮ್ಮೂರಿಗಿ ಹೆಸರು ಭಾಳ. 2014ರ ನವೆಂಬರ್ 1ಕ್ಕ ಸರ್ಕಾರಿ ಲೆಕ್ಕದಾಗ ಗುಲ್ಬರ್ಗಾ ಹೋಗಿ ಕಲಬುರಗಿ ಆಯ್ತು, ಆದ್ರ ಹಳೇ ಮಂದಿ, ಹೈದರಾಬಾದ್ ಕಡೆ ನೆಂಟಸ್ತನ ಇರೋರು, ದಖನಿ ಉರ್ದು ಮಾತಾಡೋ ಮನಿಯವ್ರು ಇವತ್ತಿಗೂ ಗುಲ್ಬರ್ಗಾ ಅಂತನೇ ಟೈಪ್ ಮಾಡ್ತಾರ. ಇಂಗ್ಲಿಷ್‌ನ್ಯಾಗ ಕಲಬುರಗಿ ಬರೆಯೋದ್ರಾಗ ಎರಡು ಮೂರು ಸ್ಪೆಲ್ಲಿಂಗ್ ಅವ, ಕನ್ನಡದಾಗೂ ಒಬ್ರು ಕಲಬುರಗಿ, ಒಬ್ರು ಕಲಬುರ್ಗಿ, ಒಬ್ರು ಗುಲಬರ್ಗಾ. ಹಿಂಗಾಗಿ ಒಂದೇ ಊರಿನ ಮಂದಿ ಬ್ಯಾರೆ ಬ್ಯಾರೆ ಟ್ಯಾಗಿನ ಕೆಳಗ ಹಂಚಿ ಹೋಗ್ಯಾರ. ನಾವು ಮಾಡಿದ್ದೇನಂದ್ರ, ಪ್ರತಿ ಅರ್ಜೆಂಟ್ ಪೋಸ್ಟಿಗೂ ಕನ್ನಡದ ಕಲಬುರಗಿ, ಇಂಗ್ಲಿಷಿನ ಕಲಬುರಗಿ, ಇಂಗ್ಲಿಷಿನ ಗುಲ್ಬರ್ಗಾ ಈ ಮೂರು ಕಡ್ಡಾಯ, ನಾಲ್ಕನೇದು ರಕ್ತದ ಗುಂಪು, ಐದನೇದು ನಮ್ಮ ಸ್ವಂತ ಟ್ಯಾಗು. ಅಷ್ಟೇ. ಇನ್‌ಸ್ಟಾಗ್ರಾಮ್‌ನವ್ರೇ 2021ರಾಗ ಮೂರರಿಂದ ಐದು ಸಾಕು ಅಂದಿದ್ರು, ಆದ್ರೂ ಮಂದಿ ಪೋಸ್ಟಿನ ಕೆಳಗ ಮೂವತ್ತು ಟ್ಯಾಗ್ ಸುರೀತಿದ್ರು, ಓದೋರಿಗಿ ಫೋನ್ ನಂಬರ್ ಎಲ್ಲದ ಅಂತ ಹುಡುಕೋದೇ ಕಷ್ಟ ಆಗ್ತಿತ್ತು.

ಕನ್ನಡದಾಗ ಟ್ಯಾಗ್ ಹಾಕೋರಿಗಿ ಒಂದು ಮಾತು. ನಡುವ ಜಾಗ ಬಿಟ್ರ ಟ್ಯಾಗ್ ಅಲ್ಲಿಗೇ ತುಂಡಾಗ್ತದ, ಚುಕ್ಕಿ, ನಡುವಿನ ಅಡ್ಡಗೀಟು (-) ಹಾಕಿದ್ರೂ ತುಂಡಾಗ್ತದ. ಇಂಗ್ಲಿಷ್‌ನ್ಯಾಗ ಎರಡು ಮೂರು ಪದ ಕೂಡಿಸಿದ್ರ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು ಮಾಡಿ ಓದಂಗ ಮಾಡ್ತಾರ, ಕಣ್ಣು ಕಾಣದವ್ರ ಮೊಬೈಲ್ ಓದಿ ಹೇಳೋದ್ರಾಗೂ ಅದ್ರಿಂದ ಅನುಕೂಲ ಆಗ್ತದ, ಕನ್ನಡದಾಗ ದೊಡ್ಡಕ್ಷರ ಸಣ್ಣಕ್ಷರ ಇಲ್ಲಲ್ಲ, ಅದಕ್ಕ ನಾವು ಅಂಡರ್‌ಸ್ಕೋರ್ ಹಾಕ್ತೀವಿ: #ರಕ್ತ_ಬೇಕು_ಕಲಬುರಗಿ. ಪ್ಲಸ್ ಮೈನಸ್ ಚಿಹ್ನೆ ಟ್ಯಾಗಿನ್ಯಾಗ ನಡಿಯಂಗಿಲ್ಲ, ರಕ್ತದ ಗುಂಪಿನ ವಿಷಯದಾಗ ಇದು ಭಾಳ ಮುಖ್ಯ, ಓ ಮೈನಸ್ ಅಂತ ಚಿಹ್ನೆ ಹಾಕಿ ಟ್ಯಾಗ್ ಮಾಡಿದ್ರ ಅದು ಬರೀ ಓ ಆಗಿ ಉಳೀತದ. ಅಕ್ಷರದಾಗೇ ಬರೀರಿ, #ಓ_ನೆಗೆಟಿವ್ ಅಂತ. ಪೋಸ್ಟ್ ಹಾಕಿದ ಮ್ಯಾಲ ನೀಲಿ ಬಣ್ಣ ಕೊನಿ ಅಕ್ಷರದ ತನಕ ಬಂದದೋ ಇಲ್ಲೋ ಒಮ್ಮಿ ಒತ್ತಿ ನೋಡ್ರಿ.

ಇನ್ನೊಂದು, 2024ರ ಡಿಸೆಂಬರ್‌ದಾಗ ಇನ್‌ಸ್ಟಾಗ್ರಾಮ್‌ನವ್ರು ಹ್ಯಾಶ್‌ಟ್ಯಾಗ್ ಫಾಲೋ ಮಾಡೋ ಸೌಲಭ್ಯನೇ ತಗದು ಹಾಕಿದ್ರು. ಮೊದಲು ಟ್ಯಾಗ್ ಫಾಲೋ ಮಾಡಿದೋರಿಗಿ ಪೋಸ್ಟ್ ತಾನೇ ಹೋಗಿ ಕಾಣ್ತಿತ್ತು, ಈಗ ಹುಡುಕಿದ್ರ ಮಾತ್ರ ಸಿಗ್ತದ. ಅದಕ್ಕ ಟ್ಯಾಗಿನ ಜೊತಿಗಿ ಪೋಸ್ಟಿನ ಮೊದಲನೇ ಸಾಲಿನ್ಯಾಗೇ ಬಿಡಿಸಿ ಬರೀತೀವಿ, "ಕಲಬುರಗಿದಾಗ ಬಿ ಪಾಸಿಟಿವ್ ರಕ್ತ ಬೇಕಾಗ್ಯಾದ" ಅಂತ, ಮಂದಿ ಹ್ಯಾಂಗ ಹುಡುಕ್ತಾರೋ ಹಂಗೇ.

ಈಗ ಟ್ರೆಂಡಿನ ವಿಷಯಕ್ಕ ಬರ್ತೀನಿ, ನಾವು ಹೆಚ್ಚಿಗಿ ತಲಿ ಕೆಡಿಸ್ಕೊಂಡಿದ್ದು ಅಲ್ಲೇ.

ಜೂನ್ 14 ವಿಶ್ವ ರಕ್ತದಾನಿಗಳ ದಿನ, ರಕ್ತದ ಗುಂಪು ಕಂಡು ಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ ಅದು. ಅಕ್ಟೋಬರ್ 1 ನಮ್ಮ ದೇಶದ ಸ್ವಯಂಪ್ರೇರಿತ ರಕ್ತದಾನ ದಿನ. ಈ ಎರಡು ದಿನ ಟ್ಯಾಗ್ ತಾನೇ ಓಡ್ತದ, ನಾವು ದೂಡೋದೇ ಬ್ಯಾಡ. ಎಲ್ಲಾ ಆಫೀಸು, ಎಲ್ಲಾ ಸಂಘ, ಎಲ್ಲಾ ಕಾಲೇಜು ಅವತ್ತೇ ಕ್ಯಾಂಪ್ ಇಡ್ತಾವ, ಅವತ್ತೇ ಫೋಟೋ ಹಾಕ್ತಾರ. ನಮ್ಮ ಪೋಸ್ಟಿಗೂ ಅವತ್ತು ಯಾವತ್ತಿಗಿಂತ ಹೆಚ್ಚು ಮಂದಿ ಬರ್ತಾರ. ಅಂಥಾ ಒಂದು ಜೂನ್ 14ರ ಮಧ್ಯಾಹ್ನ ಬ್ಲಡ್ ಬ್ಯಾಂಕಿನ ಟೆಕ್ನಿಶಿಯನ್ ಒಬ್ರು ನನ್ನನ್ನ ಬಾಜೂಕ ಕರದು ಹೇಳಿದ್ರು, "ಮೇಡಂ, ಇವತ್ತ ಇಷ್ಟು ಮಂದಿಗಿ ಕರ್ಕೊಂಡು ಬಂದೀರಿ, ಭಾಳ ಸಂತೋಷ. ಆದ್ರ ಈ ಬ್ಯಾಗ್ ನೋಡ್ರಿ, ಡೇಟ್ ನೋಡ್ರಿ. 35 ದಿನದಾಗ ಇದು ಖರ್ಚಾಗ್ಬೇಕು. ಪ್ಲೇಟ್‌ಲೆಟ್ ಅಂತೂ ಐದೇ ದಿನ. ಇವತ್ತಿಂದು ಫ್ರಿಜ್ ತುಂಬ್ತದ, ಆಗಸ್ಟ್‌ದಾಗ ನೀವೇ ಮತ್ತ ಫೋನ್ ಮಾಡಿ ಬಾಟ್ಲಿ ಐತೇನ್ರಿ ಅಂತ ಕೇಳ್ತೀರಿ. ನಿಮ್ಮ ಮಂದಿಗಿ ಸ್ವಲ್ಪ ಹಿಂದ ಮುಂದ ಮಾಡಿ ಕಳಸ್ರಿ."

ಬ್ಯಾಗಿನ ಲೇಬಲ್ ತೋರ್ಸಿದ್ರು. ಗುಂಪು, ತಗೊಂಡ ತಾರೀಖು, ಮುಗಿಯೋ ತಾರೀಖು, ಮೂರೂ ಅದ್ರ ಮ್ಯಾಲ ಇತ್ತು. ಕೂಡಿಸಿಟ್ಟ ರಕ್ತಕ್ಕೂ ತಾರೀಖು ಅದ ಅಂತ ನಮ್ಮ ಹುಡುಗ್ರಿಗಿ ಆ ಲೇಬಲ್ ನೋಡಿದ ಮ್ಯಾಲ ಮನಸಿಗಿ ಹತ್ತಿತು.

ಅವತ್ತಿಂದ ನಾವು ಟ್ರೆಂಡ್ ದಿನದ ಕೆಲ್ಸನೇ ಬದಲಾಯಿಸಿದ್ವಿ. ಜೂನ್ 14ಕ್ಕ, ಅಕ್ಟೋಬರ್ 1ಕ್ಕ "ಇವತ್ತೇ ಬಂದು ಕೊಡ್ರಿ" ಅಂತ ಕರಿಯೋದು ಕಡಿಮಿ, "ಇವತ್ತ ಹೆಸರು ಬರಸ್ರಿ" ಅಂತ ಕೇಳೋದು ಹೆಚ್ಚು. ಒಂದು ಗೂಗಲ್ ಫಾರ್ಮ್ ಮಾಡಿ ಪೋಸ್ಟಿಗಿ ಲಿಂಕ್ ಹಚ್ಚಿದ್ವಿ, ಅದ್ರಾಗ ಹೆಸರು, ಗುಂಪು, ಯಾವ ಏರಿಯಾ, ಕೊನಿಗಿ ಯಾವಾಗ ಕೊಟ್ಟೀರಿ, ಯಾವ ತಿಂಗಳ ಬರ್ಲಿಕ್ಕ ಆಗ್ತದ, ಇಷ್ಟೇ ಕೇಳ್ತೀವಿ. ಟ್ರೆಂಡಿನ ಜೋರು ಅವತ್ತಿನ ದಿನಕ್ಕ, ಕರೆಯೋದು ನಮಗ ಬೇಕಾದ ದಿನಕ್ಕ. ಈಗ ಟ್ರೆಂಡ್ ಚೊಲೋ ಆಯ್ತೋ ಇಲ್ಲೋ ಅನ್ನೋದಕ್ಕ ನಾವು ಲೈಕ್ ನೋಡಂಗಿಲ್ಲ, ಫಾರ್ಮಿನ್ಯಾಗ ಕಲಬುರಗಿ ಏರಿಯಾದ ಹೆಸರು ಎಷ್ಟು ಬಂದಾವ ಅಂತ ನೋಡ್ತೀವಿ.

ಹೊರಗಿನ ಟ್ರೆಂಡ್ ತಂದು ನಮ್ಮ ಊರಿಗಿ ಹೊಂದ್ಸೋದು ಆಗ್ತದೋ ಇಲ್ಲೋ ಅಂದ್ರ, ಆಗ್ತದ. 2014ರಾಗ ಐಸ್ ಬಕೆಟ್ ಚಾಲೆಂಜ್ ಬಂದಿತ್ತಲ್ಲ, ತಲಿ ಮ್ಯಾಲ ಐಸ್ ನೀರು ಸುರಕೊಂಡು ವಿಡಿಯೋ ಹಾಕೋದು, ಎಎಲ್‌ಎಸ್ ಅನ್ನೋ ನರದ ರೋಗದ ಸಂಶೋಧನಾಕ್ಕ ರೊಕ್ಕ ಕೂಡಿಸ್ಲಿಕ್ಕ, ಅಮೆರಿಕದ ಆ ಸಂಸ್ಥಿಗಿ 11 ಕೋಟಿ ಡಾಲರ್‌ಗಿಂತ ಹೆಚ್ಚು ಬಂತು. ಅದೇ ವರ್ಷ ನಮ್ಮ ಬಾಜೂಕಿನ ಹೈದರಾಬಾದ್‌ನ್ಯಾಗ ಅದನ್ನ ರೈಸ್ ಬಕೆಟ್ ಮಾಡಿದ್ರು, ನೀರು ಚೆಲ್ಲೋ ಬದಲಿ ಹಸದೋರಿಗಿ ಒಂದು ಬಕೆಟ್ ಅಕ್ಕಿ ಕೊಡೋದು. ನೀರಿಗಿ ಕೊಡ ಹಿಡಕೊಂಡು ನಿಲ್ಲೋ ನಮ್ಮ ಕಡೆ ಮಂದಿಗಿ ಇದು ಎಷ್ಟು ಸರಿ ಕಾಣ್ತದ ನೋಡ್ರಿ. ಅಲ್ಲಿಂದ ನಾವು ತೊಗೊಂಡಿದ್ದು ಇಷ್ಟೇ, ಟ್ರೆಂಡಿನ ಆಕಾರ ಇಟ್ಕೊಂಡು ಒಳಗಿನ ಮಾಲು ನಮ್ಮ ಊರಿಗಿ ಬೇಕಾದ್ದು ಹಾಕ್ಬೇಕು.

ಕೆಲವು ದಿನಗಳು ನಮಗ ಹೊಂದಂಗಿಲ್ಲ. ಗಿವಿಂಗ್ ಟ್ಯೂಸ್‌ಡೇ ಅಂತ ಅದ, 2012ರಾಗ ನ್ಯೂಯಾರ್ಕ್‌ನ್ಯಾಗ ಶುರು ಆಗಿದ್ದು, ಅಮೆರಿಕದವ್ರ ಥ್ಯಾಂಕ್ಸ್‌ಗಿವಿಂಗ್ ಮುಗಿದ ಮಂಗಳವಾರ. ನಮ್ಮೂರಾಗ ಯಾರಿಗೂ ಅದ್ರ ಸಂಬಂಧ ಇಲ್ಲ, ಬಿಟ್ವಿ. ದಾನ ಉತ್ಸವ ಅಂತ 2009ರಿಂದ ನಮ್ಮ ದೇಶದಾಗ ನಡೀತದ, ಅಕ್ಟೋಬರ್ 2ರಿಂದ 8, ಅದು ರಕ್ತಕ್ಕಿಂತ ರೊಕ್ಕಕ್ಕ ಉಪಯೋಗ ಆಯ್ತು. ಬೆಂಗಳೂರು, ಪುಣೆ, ಹೈದರಾಬಾದ್‌ನ್ಯಾಗ ಕೆಲ್ಸಕ್ಕಿರೋ ಕಲಬುರಗಿ ಮಂದಿ ರಕ್ತ ಕೊಡ್ಲಿಕ್ಕ ಬರ್ಲಿಕ್ಕಾಗಲ್ಲ, ಆದ್ರ ಕ್ಯಾಂಪಿನ ಬಿಸ್ಕಿಟು, ಜ್ಯೂಸು, ಪೆಂಡಾಲ್ ಖರ್ಚು ಕೊಡ್ಲಿಕ್ಕ ತಯಾರ ಇರ್ತಾರ, ಅವರಿಗಿ ಆ ವಾರ ಕೇಳ್ತೀವಿ, ಖರ್ಚಿನ ಪಾವತಿ ಫೋಟೋ ತಗದು ಅದೇ ಟ್ಯಾಗಿನ ಕೆಳಗ ಹಾಕ್ತೀವಿ.

ಕ್ರಿಕೆಟ್ ಟ್ರೆಂಡ್ ಬಗ್ಗಿ ಹೇಳಲೇಬೇಕು, ಯಾಕಂದ್ರ ಐಪಿಎಲ್ ನಡಿಯೋದೂ ಬ್ಯಾಸಗಿದಾಗೇ, ರಕ್ತದ ಬರ ಬರೋದೂ ಬ್ಯಾಸಗಿದಾಗೇ. "ಈ ಸಲ ಕಪ್ ನಮ್ದೇ" ಅನ್ನೋ ಮಾತು ರಾಜ್ಯ ಪೂರ್ತಿ ಓಡೋ ಹೊತ್ತಿನ್ಯಾಗ ನಮ್ಮ ಹುಡುಗ್ರು "ಈ ಸಲ ಫ್ರಿಜ್ ತುಂಬೋದು ನಮ್ದೇ" ಅಂತ ಪೋಸ್ಟರ್ ಮಾಡಿದ್ರು, ಮ್ಯಾಚ್ ಇರೋ ದಿನ ಮುಂಜಾನಿ ಹಾಕೋದು, ಜೊತಿಗಿ ಊರ ಟ್ಯಾಗು. ಚೊಲೋ ಓಡ್ತು. ಬಿಸಿಲಿನ ಹೆದ್ರಿಕಿಗೂ ಅದ್ರಾಗೇ ಉತ್ತರ ಕೊಟ್ವಿ, ಮುಂಜಾನಿ ಹತ್ತರೊಳಗ ಬರ್ರಿ, ಬರೋ ಮೊದಲು ಎರಡು ಗ್ಲಾಸ್ ನೀರು ಕುಡೀರಿ, ಹಸದ ಹೊಟ್ಟಿಲೆ ಬರಬ್ಯಾಡ್ರಿ, ಕೊಟ್ಟ ಮ್ಯಾಲ ಹತ್ತು ನಿಮಿಷ ಕುಂತು ಹೋಗ್ರಿ ಅಂತ.

2025ರ ಜೂನ್ 3ಕ್ಕ ಆರ್‌ಸಿಬಿ ಖರೇನೇ ಕಪ್ ಗೆದ್ತು. ಜಗತ್ ಸರ್ಕಲ್ ಕಡೆ ರಾತ್ರಿ ಹುಡುಗ್ರು ಕುಣದಿದ್ದೇ ಕುಣದಿದ್ದು. ಜೂನ್ 14ಕ್ಕ ಹಾಕಬೇಕಂತ ಕಪ್ಪಿನ ಥೀಮ್‌ದೇ ಒಂದು ರೀಲ್ ಹುಡುಗೇರು ತಯಾರ ಮಾಡಿ ಶೆಡ್ಯೂಲ್ ಮಾಡಿ ಇಟ್ಟಿದ್ರು. ಮರುದಿನ ಜೂನ್ 4ಕ್ಕ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗ ಕಾಲ್ತುಳಿತ ಆಗಿ 11 ಮಂದಿ ಸತ್ರು. ಅವತ್ತ ಸಂಜಿಕೇ ಆ ರೀಲ್ ತಗಸಿದೆ. ಗ್ರೂಪಿನ್ಯಾಗ ಒಂದು ಮಾತು ಬಂತು, ಗಾಯ ಆದೋರಿಗಿ ರಕ್ತ ಬೇಕಂತ ನಾವೂ ಪೋಸ್ಟ್ ಹಾಕೋಣೇನಕ್ಕಾ, ಈಗ ಎಲ್ಲಾರೂ ಅದೇ ಟ್ಯಾಗ್ ನೋಡ್ಲಿಕತ್ತಾರ ಅಂತ. ನಾ ಬ್ಯಾಡ ಅಂದೆ. ದವಾಖಾನಿಯವ್ರು ಕೇಳಿದ್ದು ನಮ್ಮ ಕೈಗಿ ಬಂದಿಲ್ಲ, ಬೆಂಗಳೂರು ನಮ್ಮಿಂದ ಒಂದು ರಾತ್ರಿ ದಾರಿ, ಮಂದಿ ಅಳ್ಲಿಕತ್ತ ಜಾಗಕ್ಕ ನಮ್ಮ ಸಂಸ್ಥಿ ಲೋಗೋ ಹಚ್ಚಿ ಹೋಗೋದು ಸರಿ ಅಲ್ಲ. ಟ್ರೆಂಡಿನ ಮ್ಯಾಲ ಕುಂತೋರಿಗಿ ಅದು ಯಾವಾಗ ಹೊಳ್ಳತದ ಅನ್ನೋದು ಗೊತ್ತಿರಂಗಿಲ್ಲ, ಅದಕ್ಕ ಶೆಡ್ಯೂಲ್ ಮಾಡಿದ ಪೋಸ್ಟ್ ಎಲ್ಲಾ ದಿನಾ ಮುಂಜಾನಿ ಒಬ್ರು ಕಣ್ಣಾಡಿಸ್ಬೇಕು ಅಂತ ಅವತ್ತಿಂದ ಒಬ್ಬರ ಪಾಲಿಗಿ ಹಚ್ಚೀವಿ.

ನಮ್ಮ ಊರಿನ್ವೇ ಟ್ರೆಂಡ್ ಅವಲ್ಲ, ಅವು ಇವೆಲ್ಲಾದಕ್ಕಿಂತ ಹೆಚ್ಚು ಕೆಲ್ಸ ಮಾಡಿದ್ವು. ಹೋಳಿ ಮುಗಿದು ಐದನೇ ದಿನಕ್ಕ ಶರಣಬಸವೇಶ್ವರ ಜಾತ್ರಿ, ತೇರಿನ ರೀಲು ಎಲ್ಲಾರ ಫೋನಿನ್ಯಾಗೂ ಓಡ್ತಾವ. ಬಂದೇ ನವಾಜ್ ಉರುಸು. ಏಪ್ರಿಲ್ 14 ಅಂಬೇಡ್ಕರ್ ಜಯಂತಿ. ಸೆಪ್ಟೆಂಬರ್ 17, ನಮ್ಮ ಕಲ್ಯಾಣ ಕರ್ನಾಟಕದ ದಿನ, 1948ರಾಗ ನಿಜಾಮನ ಆಳ್ವಿಕಿ ಮುಗಿದಿದ್ದು ಅವತ್ತೇ. ಈ ದಿನಗಳ ಟ್ಯಾಗಿನ್ಯಾಗ ಇರೋರು ಇಲ್ಲೇ ಇರೋ ಮಂದಿ, ಆಟೋ ಹತ್ತಿದ್ರ ಬ್ಲಡ್ ಬ್ಯಾಂಕಿಗಿ ಬರೋರು. ರಂಜಾನ್ ತಿಂಗಳದಾಗ ರೋಜಾ ಇರೋರಿಗಿ ಹಗಲು ಕೊಡ್ರಿ ಅನ್ನಂಗಿಲ್ಲ, ಇಫ್ತಾರ್ ಮುಗಿಸಿ ಉಂಡು ಸ್ವಲ್ಪ ಹೊತ್ತು ಬಿಟ್ಟು ರಾತ್ರಿ ಬರಂಗ ಟೈಮ್ ಇಟ್ವಿ, ಪೋಸ್ಟಿನ ಮಾತು ನಮ್ಮ ವಾಲಂಟಿಯರ್ ಒಬ್ಬಾಕಿ ದಖನಿದಾಗೇ ಬರದಳು, ಗುಲ್ಬರ್ಗಾ ಟ್ಯಾಗ್ ಹಾಕಿ. ಆಕಿ ಅಣ್ಣಂದಿರು, ಅವರ ದೋಸ್ತರು, ಅವರ ಮೊಹಲ್ಲಾದವ್ರು ಹಿಂಗ ಬಂದ್ರು.

ರೀಲಿನ ಮಾತು. ನಮ್ಮ ಅಕೌಂಟ್ ಬಿಸಿನೆಸ್ ಅಂತ ಅದ, ಅಂಥಾ ಅಕೌಂಟಿಗಿ ಟ್ರೆಂಡಿಂಗ್ ಹಾಡು ಎಲ್ಲಾ ಸಿಗಂಗಿಲ್ಲ. ಅದಕ್ಕ ಹಾಡು ಬಿಟ್ಟು ನಮ್ಮದೇ ದನಿ ಇಟ್ವಿ. ಎಲ್ಲಾಕ್ಕಿಂತ ಹೆಚ್ಚು ಮಂದಿ ನೋಡಿದ್ದು ಯಾವ್ದು ಗೊತ್ತದೇನ್ರಿ, ಹಿಮೋಗ್ಲೋಬಿನ್ ನೋಡೋ ರೀಲು. ರಕ್ತ ತೊಗೊಳೋ ಮೊದಲು ಬೆರಳಿಗಿ ಸಣ್ಣಗ ಚುಚ್ಚಿ ಒಂದು ಹನಿ ರಕ್ತ ನೀಲಿ ಬಣ್ಣದ ನೀರಿನ್ಯಾಗ ಬಿಡ್ತಾರ. ಅದು ಕಾಪರ್ ಸಲ್ಫೇಟ್, ಮಂದಿ ಮೈಲುತುತ್ತ ಅಂತಾರಲ್ಲ ಅದು. ಹನಿ ಬಿದ್ದು ಸ್ವಲ್ಪ ತಡೀತದ, ಆಮ್ಯಾಲ 15 ಸೆಕೆಂಡಿನೊಳಗ ಸರ್ರಂತ ತಳಕ್ಕ ಮುಳುಗಿದ್ರ ಹಿಮೋಗ್ಲೋಬಿನ್ 12.5 ಇಲ್ಲಾ ಅದಕ್ಕಿಂತ ಹೆಚ್ಚು ಅದ ಅಂತ ಲೆಕ್ಕ, ಕೊಡಬಹುದು. ಮ್ಯಾಲೇ ತೇಲಿದ್ರ ಇವತ್ತ ಬ್ಯಾಡ. ನೀಲಿ ಒಳಗ ಕೆಂಪು ಗುಂಡ ಇಳಿಯೋದು ಹತ್ರದಿಂದ ಶೂಟ್ ಮಾಡಿದ್ವಿ, ಟೆಕ್ನಿಶಿಯನ್ ಅವರ ದನಿದಾಗೇ "ಮುಳುಗ್ತು, ಪಾಸ್" ಅಂತ. ಅಷ್ಟೇ ರೀಲು. ಕೆಳಗ ಕಾಮೆಂಟಿನ್ಯಾಗ "ನಂದು ಮುಳುಗ್ತದೇನ್ ನೋಡ್ಬೇಕು" ಅಂತ ಬರ್ದೋರು ಖರೇನೇ ಬಂದ್ರು. ಸೂಜಿ ಹೆದ್ರಿಕಿ ಇರೋರಿಗಿ ಒಳಗ ಏನಾಗ್ತದ ಅಂತ ಒಂದು ಸಲ ಕಂಡ್ರ ಅರ್ಧ ಹೆದ್ರಿಕಿ ಹೋಗ್ತದ. ಆ ರೀಲ್ ನಮ್ಮ ಸಂಸ್ಥಿ ಅಕೌಂಟಿಂದ ಒಂದೇ ಅಲ್ಲ, ವಾಲಂಟಿಯರ್ ಹುಡುಗಿ ಸ್ವಂತ ಅಕೌಂಟಿನ ಜೊತಿ ಕೊಲ್ಯಾಬ್ ಮಾಡಿ (ಒಂದೇ ಪೋಸ್ಟ್ ಎರಡೂ ಅಕೌಂಟಿನ್ಯಾಗ ಕಾಣಂಗ) ಹಾಕಿದ್ವಿ, ಆಕಿ ಕಾಲೇಜಿನವ್ರಿಗೆಲ್ಲಾ ಮುಟ್ಟಿತು.

ಪೇಷಂಟ್ ಫೋಟೋ ನಾವು ಹಾಕಂಗಿಲ್ಲ. ಅಳೋ ಕೂಸಿನ ಮುಖ ಹಾಕಿದ್ರ ಶೇರ್ ಹೆಚ್ಚು ಆಗ್ತದ ಅನ್ನೋದು ಖರೇ, ಆದ್ರ ಆ ಕೂಸು ನಾಳಿ ಶಾಲಿಗಿ ಹೋಗ್ಬೇಕು, ಅದ್ರ ರೋಗ ಊರ ಬಾಯಾಗ ಬೀಳಬಾರ್ದು. ಥಲಸ್ಸೀಮಿಯಾ ಮಕ್ಕಳ ವಿಷಯದಾಗ ನಾ ಇದನ್ನ ಯಾರು ಹೇಳಿದ್ರೂ ಬಿಟ್ಟು ಕೊಡಂಗಿಲ್ಲ.

ಫೋನ್ ನಂಬರಿನ ವಿಷಯ ಇನ್ನೂ ದೊಡ್ಡದು. ಮೊದಲು ಪೇಷಂಟ್ ಕಡೆಯವ್ರ ನಂಬರೇ ಪೋಸ್ಟಿನ್ಯಾಗ ಹೋಗ್ತಿತ್ತು, ಎಲ್ಲಾರೂ ಹಂಗೇ ಮಾಡ್ತಾರ. ಒಂದು ಸಲ ಆಳಂದ ಕಡೆಯ ಒಬ್ಬ ಮನುಷ್ಯಾಗ ಒಂದು ಫೋನ್ ಬಂತು, "ನಾ ಓ ನೆಗೆಟಿವ್ ಡೋನರ್, ಹುಮನಾಬಾದಿನಿಂದ ಹೊಂಟೀನಿ, ಪೆಟ್ರೋಲಿಗಿ ರೊಕ್ಕ ಹಾಕ್ರಿ" ಅಂತ. ಇವ ಪಾಪ ಹಾಕ್ದ. ಆಮ್ಯಾಲ ಆ ಫೋನ್ ಸ್ವಿಚಾಫ್. ಹ್ಯಾಶ್‌ಟ್ಯಾಗ್ ಹುಡುಕಿ ನಂಬರ್ ಎತ್ತೋರು ಇದ್ದಾರ್ರಿ, ಅವರಿಗಿ ಅರ್ಜೆಂಟ್ ಇರೋ ಮನುಷ್ಯ ಎಲ್ಲಿ ಸಿಗ್ತಾನಂತ ಗೊತ್ತಿರ್ತದ. ಆವಾಗಿಂದ ಪೋಸ್ಟಿನ್ಯಾಗ ಬರೋದು ಸಂಸ್ಥಿ ನಂಬರ್ ಮಾತ್ರ. ಫೋನ್ ಎತ್ತೋರು ಡೋನರ್ ಯಾರು, ಕೊನಿಗಿ ಯಾವಾಗ ಕೊಟ್ಟಾರ ಎಲ್ಲಾ ಕೇಳಿ ಆಮ್ಯಾಲ ಜೋಡಿಸ್ತಾರ. ಪ್ರತಿ ಪೋಸ್ಟಿನ ಕೊನಿಗಿ ಒಂದು ಸಾಲು: ರಕ್ತಕ್ಕ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ. ಸುಪ್ರೀಂ ಕೋರ್ಟ್ 1996ರಾಗ ತೀರ್ಪು ಕೊಟ್ಟ ಮ್ಯಾಲ 1998ರಿಂದ ನಮ್ಮ ದೇಶದಾಗ ರೊಕ್ಕಕ್ಕ ರಕ್ತ ಕೊಡೋದು ಬಂದ್ ಆಗ್ಯಾದ, ಬ್ಲಡ್ ಬ್ಯಾಂಕಿನವ್ರು ಪರೀಕ್ಷಾ ಮಾಡಿ ಇಡೋ ಖರ್ಚು ಅಷ್ಟೇ ತೊಗೊಳ್ಬಹುದು.

ಹಳೇ ಪೋಸ್ಟ್ ತಿರುಗೋದು ಇನ್ನೊಂದು ತ್ರಾಸು. ರಕ್ತ ಎಂದೋ ಸಿಕ್ಕು, ಪೇಷಂಟ್ ಮನಿಗಿ ಹೋಗಿರ್ತಾರ, ವಾಟ್ಸ್ಯಾಪಿನ್ಯಾಗ ಅದೇ ಮೆಸೇಜು ಇನ್ನೂ ಓಡ್ತಿರ್ತದ. ಭಾಳ ಸಲ ಫಾರ್ವರ್ಡ್ ಆದ ಮೆಸೇಜ್ ಒಂದು ಸಲಕ್ಕ ಒಂದೇ ಚಾಟಿಗಿ ಕಳಿಸ್ಲಿಕ್ಕ ಆಗಂಗ 2020ರಾಗ ವಾಟ್ಸ್ಯಾಪ್‌ನವ್ರು ಮಾಡ್ಯಾರ, ಆದ್ರೂ ನಿಲ್ಲಂಗಿಲ್ಲ. ಹತ್ತು ಮಂದಿ ಡೋನರ್ ಹಳೇ ಪೋಸ್ಟ್ ನೋಡಿ ಫೋನ್ ಮಾಡಿ "ಆಗ್ಯಾದ್ರಿ" ಅನ್ನಿಸ್ಕೊಂಡ್ರ ಹನ್ನೊಂದನೇ ಸಲ ಯಾರ್ ಮಾಡ್ತಾರ? ಅದಕ್ಕ ಎರಡು ನಿಯಮ. ಪೋಸ್ಟರಿನ ಚಿತ್ರದಾಗೇ ದೊಡ್ಡಕ್ಷರದಾಗ ತಾರೀಖು, "ಈ ತಾರೀಖಿನ ತನಕ ಮಾತ್ರ" ಅಂತ, ಕ್ಯಾಪ್ಶನ್‌ನ್ಯಾಗ ಬರದ್ರ ಸ್ಕ್ರೀನ್‌ಶಾಟ್ ತಗದಾಗ ಹೋಗಿಬಿಡ್ತದ. ರಕ್ತ ಸಿಕ್ಕ ಕೂಡ್ಲೇ ಪೋಸ್ಟ್ ಎಡಿಟ್ ಮಾಡಿ ಮೊದಲ ಸಾಲಿಗಿ "ಸಿಕ್ಕದ" ಅಂತ ಬರದು #ಸಿಕ್ಕದ_ಕಲಬುರಗಿ ಹಾಕೋದು. ಈ ಟ್ಯಾಗ್ ಒತ್ತಿ ನೋಡಿದ್ರ ಕೊಟ್ಟಿದ್ದು ಮುಟ್ಟೇದ ಅಂತ ಒಂದರ ಕೆಳಗೊಂದು ಕಾಣ್ತದ, ಹೊಸಾ ಡೋನರಿಗಿ ಅದ್ರಿಂದ ಬರೋ ನಂಬಿಗಿ ನಮ್ಮ ಯಾವ ಭಾಷಣದಿಂದಲೂ ಬರಂಗಿಲ್ಲ. ಬ್ಲಡ್ ಬ್ಯಾಂಕಿನ್ಯಾಗ ಯಾವ ಗುಂಪು ಎಷ್ಟು ಅದ ಅಂತ ಸರ್ಕಾರದ ಇ-ರಕ್ತಕೋಶ ವೆಬ್‌ಸೈಟಿನ್ಯಾಗ ಜಿಲ್ಲಾ ಒತ್ತಿ ನೋಡಬಹುದು, ಪೋಸ್ಟ್ ಹಾಕೋ ಮೊದಲು ಅಲ್ಲಿ ನೋಡಿ, ಫೋನ್ ಮಾಡಿ ಕೇಳಿ, ಅಲ್ಲೇ ಇದ್ರ ಪೋಸ್ಟೇ ಹಾಕಂಗಿಲ್ಲ.

ಮೂರು ತಿಂಗಳ ಲೆಕ್ಕ ನನಗ ಎಲ್ಲಾಕ್ಕಿಂತ ಹೆಚ್ಚು ಖುಷಿ ಕೊಟ್ಟಿದ್ದು. ಗಂಡಸ್ರು ಒಮ್ಮಿ ಕೊಟ್ರ ಮತ್ತ ಕೊಡ್ಲಿಕ್ಕ 90 ದಿನ ಆಗ್ಬೇಕು, ಹೆಣ್ಮಕ್ಕಳಿಗಿ 120 ದಿನ. ಕ್ಯಾಲೆಂಡರ್ ಇಟ್ಕೊಂಡು ಕುಂತೆ. ಜೂನ್ 14ಕ್ಕ ಕೊಟ್ಟವ್ರದು ಸೆಪ್ಟೆಂಬರ್ 12ಕ್ಕ 90 ದಿನ ಮುಗೀತದ, ಸೆಪ್ಟೆಂಬರ್ 17 ಕಲ್ಯಾಣ ಕರ್ನಾಟಕದ ದಿನ ಐದೇ ದಿನ ಮುಂದ. ಸೆಪ್ಟೆಂಬರ್ 17ಕ್ಕ ಕೊಟ್ಟವ್ರದು ಡಿಸೆಂಬರ್ ನಡುವ. ಅಲ್ಲಿಂದ ಮತ್ತ 90 ಅಂದ್ರ ಮಾರ್ಚ್ ನಡುವ, ಹೋಳಿ, ಶರಣಬಸವೇಶ್ವರ ಜಾತ್ರಿ ಬರೋ ಹೊತ್ತು. ಅಲ್ಲಿಂದ ಮತ್ತ ಜೂನ್. ನಮ್ಮೂರ ಮಂದಿ ಫೋನ್ ಹಿಡಕೊಂಡು ಒಂದೇ ಟ್ಯಾಗಿನ್ಯಾಗ ಕೂಡೋ ದಿನಗಳೂ ಒಂದೇ ಮನುಷ್ಯ ಮತ್ತ ರಕ್ತ ಕೊಡಬಹುದಾದ ದಿನಗಳೂ ಹಿಂಗ ಬಾಜೂ ಬಾಜೂ ಬಂದು ನಿಂತಾವ. ಡಿಸೆಂಬರಿಗಿ ಮಾತ್ರ ನಮ್ಮ ಕಡೆ ಅಂಥಾ ದೊಡ್ಡ ದಿನ ಇಲ್ಲ, ಅದನ್ನ ಕಾಲೇಜ್ ಕ್ಯಾಂಪಿನಿಂದ ತುಂಬ್ತೀವಿ.

ಹಿಂಗಾಗಿ ತಿಂಗಳ ಟ್ಯಾಗ್ ಶುರು ಮಾಡಿದ್ವಿ. ಕೊಟ್ಟವ್ರಿಗಿ ಕೇಳಿ, ಒಪ್ಪಿದ್ರ ಮಾತ್ರ ಫೋಟೋ ತಗದು #ಜೂನಿನವರು_ಕಲಬುರಗಿ ಅಂತ ಹಾಕೋದು. ಸೆಪ್ಟೆಂಬರ್ ಎರಡನೇ ವಾರ ಆ ಟ್ಯಾಗ್ ಒತ್ತಿದ್ರ ಜೂನ್‌ದಾಗ ಕೊಟ್ಟವ್ರೆಲ್ಲಾ ಒಂದೇ ಕಡೆ, ಅವರ ಪೋಸ್ಟಿಗೇ ಕಾಮೆಂಟ್ ಹಾಕ್ತೀವಿ, "ಅಣ್ಣಾ, ನಿಮ್ಮ 90 ದಿನ ಮುಗೀತು ನೋಡ್ರಿ". ಫೋಟೋ ಒಲ್ಲೆ ಅನ್ನೋರಿಗಿ ಫಾರ್ಮ್ ನೋಡಿ ಮೆಸೇಜು. ಹೊಸಾ ಡೋನರ್‌ಗಳನ್ನ ಹುಡುಕೋದ್ರಕ್ಕಿಂತ ಒಮ್ಮಿ ಕೊಟ್ಟವ್ರನ್ನ ಹೊಳ್ಳಿ ಕರಿಯೋದು ಸಸಾರ, ಅವರಿಗಿ ಹೆದ್ರಿಕಿ ಹೋಗಿರ್ತದ, ದಾರಿ ಗೊತ್ತಿರ್ತದ. ಥಲಸ್ಸೀಮಿಯಾ ಮಕ್ಕಳ ಮನಿಯವ್ರಿಗಿ ಬೇಕಾಗಿರೋದೂ ಇಂಥವ್ರೇ, ಮೂರು ತಿಂಗಳಿಗೊಮ್ಮಿ ತಪ್ಪದ ಬರೋರು. ಒಂದು ಕೂಸಿಗಿ ನಾಕೈದು ಮಂದಿ ಪಾಳಿ ಹಚ್ಚಿದ್ರ ಅವರವ್ವ ಚೀಟಿ ಹಿಡಕೊಂಡು ಓಡಾಡೋದು ತಪ್ತದ.

ಈಗ ಕೈಯಾಗಿರೋ ಕೆಲ್ಸ ಹೆಣ್ಮಕ್ಕಳದು. ಜೂನ್ 14ಕ್ಕ ಕೊಟ್ಟ ಹುಡುಗೇರದು 120 ದಿನ ಮುಗಿಯೋದು ಅಕ್ಟೋಬರ್ 12ಕ್ಕ, ಅಂದ್ರ ಅಕ್ಟೋಬರ್ 1ರ ಟ್ರೆಂಡಿಗಿ ಅವರಿಗಿ ಕರಿಯಂಗಿಲ್ಲ, ಕರದ್ರ ಬಂದು ವಾಪಸ್ ಹೋಗ್ಬೇಕಾಗ್ತದ. ಮ್ಯಾಲ ಭಾಳ ಹುಡುಗೇರ ಹನಿ ಆ ನೀಲಿ ನೀರಿನ್ಯಾಗ ಮುಳುಗಂಗೇ ಇಲ್ಲ, ಹಿಮೋಗ್ಲೋಬಿನ್ ಕಮ್ಮಿ. ಅವರಿಗಿ "ಆಗಲ್ಲ, ಹೋಗವಾ" ಅಂದು ಕಳಿಸ್ಲಿಕ್ಕ ನನಗ ಮನಸಾಗಂಗಿಲ್ಲ, ಕೊಡ್ಬೇಕಂತ ಬಂದ ಮನಸು ಅದು. ಅದಕ್ಕ ಅವರಿಗಿ ಬ್ಯಾರೇನೇ ಟ್ಯಾಗ್ ಇಟ್ಟೀವಿ, #ಮುಂದಿನ_ಸಲ_ಮುಳುಗ್ತದ. ಅದ್ರ ಕೆಳಗ ಸಜ್ಜಿ ರೊಟ್ಟಿ, ರಾಜಗಿರಿ ಪಲ್ಯ, ಪುಂಡಿಪಲ್ಯ, ಶೇಂಗಾ ಬೆಲ್ಲದ ಉಂಡಿ ಇಂಥಾ ಅಡಗಿ ವಿಡಿಯೋ ಹಾಕ್ತೀವಿ, ಊಟದ ಜೊತಿಗಿ ಚಾ ಕುಡೀಬ್ಯಾಡ್ರಿ ನಿಂಬಿಹಣ್ಣು ಹಿಂಡ್ಕೋರಿ ಅಂತ ಹೇಳ್ತೀವಿ, ಯಾಕಂದ್ರ ಚಾ ಕಬ್ಬಿಣದಂಶ ಮೈಗಿ ಹತ್ತಲಿಕ್ಕ ಬಿಡಂಗಿಲ್ಲ, ನಿಂಬಿಹಣ್ಣು ಹತ್ತಸ್ತದ. ಭಾಳ ಕಮ್ಮಿ ಇದ್ದೋರಿಗಿ ಡಾಕ್ಟರಿಗಿ ತೋರಸ್ರಿ, ಗುಳಗಿ ತೊಗೋರಿ ಅಂತೀವಿ. ಆ ಟ್ಯಾಗಿನ್ಯಾಗ ಹೆಸರು ಬರಸಿದ ಹುಡುಗೇರಲ್ಲಿ ಕೆಲವ್ರು ಈಗಾಗ್ಲೇ ಹೊಳ್ಳಿ ಬಂದು ಪರೀಕ್ಷಾ ಮಾಡಿಸ್ಕೊಂಡಾರ. ಮಾರ್ಚಿನ ಜಾತ್ರಿ ಕ್ಯಾಂಪಿಗಿ ಅವರಿಗಂತನೇ ಒಂದು ಟೇಬಲ್ ಬ್ಯಾರೆ ಇಡೋದು ಅಂತ ಮಾತಾಗ್ಯಾದ, ಬ್ಲಡ್ ಬ್ಯಾಂಕಿನವ್ರೂ ಒಪ್ಯಾರ.